ಎಡೆಯ ಕೋಣೆಯಲ್ಲಿ ಬರೆದ ಪರೀಕ್ಷೆ

ಸತ್ತ ಹಿರಿಯರು ಬರುತ್ತಾರೆ, ಉಣ್ಣುತ್ತಾರೆ ಅಂದರೆ ನಾನು ನಗುತ್ತಿದ್ದವಳು. ನೀವೂ ನಗುವುದಾದರೆ ನಗಿ, ಬೇಜಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಅಪ್ಪ ತೀರಿಕೊಂಡ ವರ್ಷ ಅದು. ಮಗಳು ಡಿಗ್ರಿ ಮುಗಿಸುತ್ತಾಳೆಂದು ನಮ್ಮೂರು ಶಿರಂಗಾಲದ ತುಂಬ ಹೇಳಿಕೊಂಡು ತಿರುಗಿದ್ದ ಮನುಷ್ಯ. ಕೊರೊನಾ ಕಾಲವಾದ್ದರಿಂದ ನನ್ನ ಕೊನೆಯ ಪರೀಕ್ಷೆ ಮೊಬೈಲಿನಲ್ಲೇ. ನಕಲು ಮಾಡದಂತೆ ಕ್ಯಾಮೆರಾದಿಂದ ಕಾಯಲು ಒಂದು ಆ್ಯಪ್. ಬಾಗಿಲು ಮುಚ್ಚಿರಬೇಕು, ಕೋಣೆಯಲ್ಲಿ ಇನ್ನೊಬ್ಬರಿರಬಾರದು, ಅತ್ತಿತ್ತ ನೋಡಬಾರದು. ನನ್ನ ಗ್ರಹಚಾರ, ಪಿತೃಪಕ್ಷದಲ್ಲಿ ಅಪ್ಪನಿಗೆ ಮೊದಲ ಎಡೆ ಇಡುವ ದಿನವೇ ಪರೀಕ್ಷೆ ಬಂತು. ಎಲೆಗೆ ಬಡಿಸಿ, ದೀಪ ಹಚ್ಚಿ, ಹೋದವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುವುದು ನಮ್ಮ ಮನೆಯ ವಾಡಿಕೆ. ಎಡೆ ಇಡುವುದು ನಡುಕೋಣೆಯಲ್ಲಿ. ನೆಟ್‌ವರ್ಕ್ ಸಿಗುವುದೂ ಅಲ್ಲೊಂದೇ ಕಡೆ.

“ಎಡೆ ಇಟ್ಮೇಲೆ ಒಳಗೆ ಯಾರೂ ಕೂರಂಗಿಲ್ಲ ಕಣೇ,” ಅಂದಳು ಅಮ್ಮ. ನಾನು ಅಳುವುದೊಂದು ಬಾಕಿ. ಕೊನೆಗೆ ಅವಳೇ, “ಹೋಗ್ಲಿ, ಕೂತ್ಕೊ. ಹಿಂದಕ್ಕೆ ಮಾತ್ರ ತಿರುಗಬೇಡ,” ಎಂದು ಬಾಗಿಲೆಳೆದುಕೊಂಡಳು. ಕ್ಯಾಮೆರಾಕ್ಕೆ ಎರಡು ಮುಖ ಕಾಣಬಾರದೆಂದು ಅಪ್ಪನ ಫೋಟೋವನ್ನು ನಾನು ಮೊದಲೇ ಅಡುಗೆಮನೆಗೆ ಸಾಗಿಸಿದ್ದೆ.

ಸ್ವಲ್ಪ ಬರೆದಿದ್ದೆನಷ್ಟೆ, ತೆರೆಯ ಮೇಲೆ ಕೆಂಪು ಅಕ್ಷರ ಮೂಡಿತು: ಇನ್ನೊಂದು ಮುಖ ಕಾಣುತ್ತಿದೆ. ನನಗೆ ಗೊತ್ತಿದ್ದ ಹಾಗೆ ಬೆನ್ನ ಹಿಂದೆ ಎಲೆ, ದೀಪ, ಖಾಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಮೊಬೈಲನ್ನು ಸ್ವಲ್ಪ ವಾಲಿಸಿದೆ. ಮತ್ತೆ ಅದೇ ಎಚ್ಚರಿಕೆ. ಆಮೇಲೆ ಎಲ್ಲೋ ಕೂತು ನಮ್ಮನ್ನು ನೋಡುತ್ತಿದ್ದ ಮೇಲ್ವಿಚಾರಕಿಯ ದನಿ ಕೇಳಿಸಿತು.

“ನಿಮ್ಮ ಹಿಂದೆ ಊಟಕ್ಕೆ ಕೂತಿದ್ದಾರಲ್ಲ, ಅವರನ್ನ ಆಚೆ ಕಳಿಸಿ. ಇಲ್ಲಾಂದ್ರೆ ಎಕ್ಸಾಮ್ ಕ್ಯಾನ್ಸಲ್ ಆಗುತ್ತೆ.”

ದೇವರೇ! ತಿರುಗಿದರೆ ಪರೀಕ್ಷೆ ಹೋಗುತ್ತಿತ್ತು. ನಿಜ ಹೇಳಬೇಕೆಂದರೆ, ಪರೀಕ್ಷೆಯ ಭಯವಿಲ್ಲದಿದ್ದರೂ ತಿರುಗುವ ಧೈರ್ಯ ನನಗಿರಲಿಲ್ಲ. ಮುಂದಕ್ಕೇ ನೋಡುತ್ತ, “ಅಪ್ಪಾ, ಒಂಚೂರು ಹೊರಗಿರಪ್ಪ,” ಅಂದೆ.

“ಹಾಂ, ಥ್ಯಾಂಕ್ಸ್. ಈಗ ಬರೀರಿ,” ಅಂದರು ಆಕೆ. ಮುಚ್ಚಿದ ಬಾಗಿಲು ಮುಚ್ಚಿದಂತೆಯೇ ಇತ್ತು. ಪರೀಕ್ಷೆ ಮುಗಿಯುವವರೆಗೂ ಕೆಂಪು ಅಕ್ಷರ ಮತ್ತೆ ಬರಲಿಲ್ಲ.

ನಾನು ಪಾಸಾದೆ. ಆ್ಯಪ್ ತಪ್ಪು ಮಾಡಿರಬಹುದು ಅನ್ನುತ್ತಾರೆ ಸ್ನೇಹಿತರು. ಇರಬಹುದು. ಆದರೆ ಆಕೆ ಕಣ್ಣಾರೆ ಕಂಡದ್ದು ಯಾರನ್ನು? ಯೋಚಿಸಿ ಯೋಚಿಸಿ ಸಾಕಾಗಿದೆ. ಒಂದು ವೇಳೆ ಅಪ್ಪನೇ ಆಗಿದ್ದರೆ, ಹೇಳಿದ ತಕ್ಷಣ ಎದ್ದು ಹೋದರಲ್ಲ, ಉಂಡು ಹೋದರೋ ಇಲ್ಲವೋ.