‘ನೀನು’ ಎನಿಸಿಕೊಂಡವಳು

ಅಪೊಲೆನಾಳ ಹೆಸರನ್ನು ಓತಿಲಿಯಾ ಮೊದಲು ಕೇಳಿದ್ದು ಸ್ನಾನದ ಮನೆಯಲ್ಲಿ, ಗಂಡನ ಅಂಗಿಯ ಕಾಲರು ಉಜ್ಜುತ್ತಿದ್ದಾಗ. ಬರ್ನೋ ಊರಿನ ಅಂಚಿನ ಆ ಕಾಂಕ್ರೀಟು ವಠಾರದಲ್ಲಿ ಮೇಲಿಂದ ಕೆಳಗಿನವರೆಗೆ ಎಲ್ಲರ ಸ್ನಾನದ ಮನೆಗೂ ಗಾಳಿಗೆಂದು ಒಂದೇ ಕಿಂಡಿದಾರಿ. ಗಾಳಿ ಬರುತ್ತಿತ್ತೋ ಇಲ್ಲವೋ, ಮಾತಂತೂ ಧಾರಾಳವಾಗಿ ಬರುತ್ತಿತ್ತು. ಅವತ್ತು ಮೇಲಿನ ಮನೆಯ ಕುದೇಲರ ದನಿ ಇಳಿದು ಬಂತು.

“ಅಪೊಲೆನಾ, ಉಂಡ್ಯಾ? ಚಳಿ ಆಗ್ತಿದ್ಯೇನೆ ನಿಂಗೆ?”

ಓತಿಲಿಯಾ ನೊರೆಯ ಕೈಯಲ್ಲೇ ಅಡುಗೆಮನೆಗೆ ಓಡಿ ಕೇಳಿದ್ದನ್ನು ಹೇಳಿದಳು. ಗಂಡ ಯಾರೊಮೀರ್ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

“ಹೆಂಡತಿ ಬಿಟ್ಟು ಹೋದವನಿಗೆ ಇನ್ನೊಬ್ಬಳು ಸಿಕ್ಕಿದಾಳೆ ಅನ್ನು. ಟ್ರಾಮ್ ರಿಪೇರಿಯವನ ಅದೃಷ್ಟ!”

“ಆದ್ರೆ ಅವಳು ಒಂದು ಮಾತೂ ಆಡಲ್ಲ ಕಣ್ರೀ.”

“ಅದಕ್ಕೇ ಅದೃಷ್ಟ ಅಂದಿದ್ದು.”

ಆ ಹೆಣ್ಣನ್ನು ನೋಡಲೇಬೇಕೆಂದು ಓತಿಲಿಯಾ ಗಸಗಸೆ ಕೇಕಿನ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದಳು. ಕುದೇಲರು ಸಂಕೋಚದಿಂದ ಅವಳನ್ನು ನೇರ ಸ್ನಾನದ ಮನೆಗೇ ಕರೆದೊಯ್ದರು. ಬಿಸಿನೀರಿನ ಕೊಳವೆಯ ಪಕ್ಕ ಗಾಜಿನ ಪೆಟ್ಟಿಗೆ, ಅದರಲ್ಲಿ ಅಂಗೈಯಗಲದ ಜೇಡ. ಮೈತುಂಬ ಕಪ್ಪು ರೋಮ, ಕಾಲ ಗಂಟುಗಳಿಗೆ ಕೆಂಪು ಬಳಿದಂತೆ. ತಟ್ಟೆ ಕೈಜಾರಲಿಲ್ಲ ಅನ್ನುವುದೇ ದೊಡ್ಡದು.

“ಶಾಲೆಯ ಆಟದ ಕೋಣೆಯಲ್ಲಿ ಜೇಡದ ಸಂತೆ ಹಾಕಿದ್ರು. ತಂದಾಗ ಹೆಸರುಕಾಳಿನಷ್ಟಿದ್ಲು,” ಅಂದರು ಕುದೇಲರು. “ಅದು ಬೇಕೋ ನಾನು ಬೇಕೋ ಅಂತ ಹೆಂಡತಿ ಕೇಳಿದ್ಲು. ನಾನು ಯೋಚನೆ ಮಾಡೋಕೆ ಸ್ವಲ್ಪ ಹೊತ್ತು ತಗೊಂಡೆ. ಅಷ್ಟಕ್ಕೇ ಹೊರಟುಬಿಟ್ಲು.”

ವರ್ಷಗಳು ಉರುಳಿದವು. ಯಾರೊಮೀರ್ ತೀರಿಕೊಂಡ. ಮಕ್ಕಳಿರಲಿಲ್ಲ; ಓತಿಲಿಯಾಳ ಅಕ್ಕನೂ ಹೋದಳು. ಒಂದು ದಿನ ಅಂಗಡಿಯಿಂದ ಬ್ರೆಡ್ಡು ತರುವಾಗ ಅವಳಿಗೆ ಹೊಳೆಯಿತು: ತನ್ನನ್ನು ‘ನೀನು’ ಎಂದು ಕರೆಯುವವರು ಈಗ ಯಾರೂ ಇಲ್ಲ. ಅಂಗಡಿಯವಳು, ವೈದ್ಯರು, ಪಾದ್ರಿ, ಎಲ್ಲರದೂ ‘ನೀವು’. ಕುದೇಲರದೂ ‘ನೀವು’. ಅಲ್ಲಿನ ರೂಢಿಯೇ ಹಾಗೆ. ಎಷ್ಟು ವರ್ಷದ ನೆರೆಯವನಾದರೂ ಗಂಡಸು ತಾನಾಗಿ ‘ನೀನು’ ಎನ್ನುವಂತಿಲ್ಲ. ಹೆಂಗಸು ಬಾಯಿಬಿಟ್ಟು ಒಪ್ಪಿಗೆ ಕೊಡಬೇಕು. ಆಮೇಲೆ ಲೋಟ ತಾಗಿಸಿ, ಹೊಸಬರ ಹಾಗೆ ಒಬ್ಬರಿಗೊಬ್ಬರು ಹೆಸರು ಹೇಳಿಕೊಳ್ಳಬೇಕು. ಇಳಿವಯಸ್ಸಿನ ವಿಧವೆ ಮೇಲಿನ ಮನೆಯ ಒಂಟಿ ಗಂಡಸಿಗೆ ಹಾಗೆ ಹೇಳಿದಳೆಂದರೆ, ಲಿಫ್ಟಿನಲ್ಲಿ ಜನಕ್ಕೆ ಒಂದು ತಿಂಗಳ ಮಾತು.

ಹಾಗಾಗಿ ಅವಳು ಸಂಜೆಯ ಹೊತ್ತು ಕಿಂಡಿಯ ಕೆಳಗೆ, ಸ್ನಾನದ ತೊಟ್ಟಿಯ ಅಂಚಿನ ಮೇಲೆ ಹೆಣಿಗೆ ಹಿಡಿದು ಕೂರುತ್ತಿದ್ದಳು. “ಇವತ್ತೂ ಉಪವಾಸಾನಾ? ಮಿಡತೆ ಬೇಡಾಂದ್ರೆ ಬಿಡು, ಹೊರಗೆ ಹಿಮ ಬೀಳ್ತಿದೆ, ನೀನು ಬೆಚ್ಚಗಿರು.” ಮಾತು ಜೇಡಕ್ಕೆ. ಕಿವಿ ಇವಳದು.

ಒಮ್ಮೆ ಕುದೇಲರು ಮಂಡಿನೋವಿಗೆ ಬಿಸಿನೀರ ಬುಗ್ಗೆಯ ಚಿಕಿತ್ಸೆಗೆಂದು ಹೋದಾಗ ಬೀಗದ ಕೈ ಇವಳಿಗೆ ಕೊಟ್ಟಿದ್ದರು. ನೀರಿಡಲು ಹೋದರೆ ಅಪೊಲೆನಾ ಅಂಗಾತ ಬಿದ್ದಿದ್ದಾಳೆ, ಕಾಲೆಲ್ಲ ಮೇಲೆ. ಓತಿಲಿಯಾ ಅವರಿಗೆ ಫೋನು ಮಾಡಿ ಅತ್ತಳು.

“ಮುಟ್ಟಬೇಡಿ!” ಎಂದು ಆ ಕಡೆಯಿಂದ ಕೂಗು. “ಸತ್ತಿಲ್ಲ ಕಣ್ರೀ, ಬಟ್ಟೆ ಬದಲಾಯಿಸ್ತಿದ್ದಾಳೆ! ಬಾಗಿಲು ಹಾಕ್ಕೊಂಡು ಹೋಗಿ, ಮರ್ಯಾದೆಯಿಂದ!”

ಮರುದಿನ ನೋಡಿದರೆ ಹಳೆಯ ಪೊರೆ ಒಂದು ಕಡೆ, ಹೊಸ ಅಪೊಲೆನಾ ಇನ್ನೊಂದು ಕಡೆ. ಅದನ್ನು ನೆನೆದು ಇಬ್ಬರೂ ವರ್ಷಗಟ್ಟಲೆ ನಕ್ಕರು.

ಕಳೆದ ಶರತ್ಕಾಲದಲ್ಲಿ ಮೇಲಿನ ದನಿ ನಿಂತುಹೋಯಿತು. ಒಂದು ಸಂಜೆ ಸುಮ್ಮನಿತ್ತು, ಮತ್ತೊಂದು ಸಂಜೆಯೂ ಸುಮ್ಮನೆ. ಓತಿಲಿಯಾ ಬೆಳ್ಳುಳ್ಳಿ ಸಾರಿನ ಪಾತ್ರೆ ಎತ್ತಿಕೊಂಡು ಹೋದಳು. ಕುದೇಲರು ಪೆಟ್ಟಿಗೆಯ ಎದುರು ಮಣೆಯ ಮೇಲೆ ಕುಳಿತಿದ್ದರು. ದೀಪ ಉರಿಯುತ್ತಿತ್ತು. ಅಪೊಲೆನಾ ಕಾಲುಗಳನ್ನು ಒಳಕ್ಕೆ ಮಡಚಿಕೊಂಡು, ಮುಚ್ಚಿದ ಮುಷ್ಟಿಯ ಹಾಗೆ, ನೆಟ್ಟಗೆ ಕೂತಿದ್ದಳು.

“ನೆಟ್ಟಗೇ ಇದ್ದಾಳಲ್ಲ,” ಅಂದಳು ಓತಿಲಿಯಾ, ಆಸೆಯಿಂದ.

“ಅಂಗಾತ ಬಿದ್ರೆ ಭಯ ಇಲ್ಲ ಓತಿಲಿಯಾ ಅವರೇ. ಹೀಗೆ ಮುದುಡಿಕೊಂಡ್ರೆ ಮುಗೀತು.”

“ಅದಕ್ಕೇ ನಿಮ್ಮ ಮಾತು ಕೇಳಿಸ್ತಿರಲಿಲ್ಲ.”

ಅವರು ತಿರುಗಿ ನೋಡಿದರು. “ಕೇಳಿಸ್ತಿತ್ತಾ?”

ಅವಳು ಗೋಡೆಯ ಕಿಂಡಿ ತೋರಿಸಿದಳು. ಕುದೇಲರ ಕಿವಿ ಕೆಂಪಾಯಿತು.

“ಇಷ್ಟು ವರ್ಷವೂ?”

“ಮತ್ತೆ? ನನಗೆ ರೇಡಿಯೋ ಎಲ್ಲಿದೆ?”

ಅವರು ನಗಲು ನೋಡಿದರು, ಆಗಲಿಲ್ಲ. “ಮನೇಲಿ ಬಾಯಿ ಬಿಡೋಕೇ ಗೊತ್ತಾಗ್ತಿಲ್ಲ ಈಗ. ಯಾರನ್ನ ‘ನೀನು’ ಅನ್ನಲಿ?”

ವೇಫರ್ ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಹಾಸಿ, ವಠಾರದ ಹಿಂದಿನ ಲೈಲಾಕ್ ಗಿಡದ ಬುಡದಲ್ಲಿ ಹೂತರು. ಸತ್ತವರಿಗೆ ದೀಪ ಹಚ್ಚುವ ದಿನಗಳು ಹತ್ತಿರವಿದ್ದವು; ಓತಿಲಿಯಾ ಗಂಡನ ಸಮಾಧಿಗೆಂದು ತಂದಿದ್ದ ಕೆಂಪು ಗಾಜಿನ ದೀಪಗಳಲ್ಲಿ ಒಂದನ್ನು ಅಲ್ಲಿಟ್ಟಳು. ಬಾಲ್ಕನಿಯಿಂದ ಕೆಳಮನೆಯ ಹೆಂಗಸು ಕೂಗಿದಳು: “ಏನ್ರೀ, ಹುಳಕ್ಕೂ ದೀಪಾನಾ? ನಾಳೆ ನಮ್ಮನೆ ಜಿರಲೆಗೂ ಒಂದು ತನ್ನಿ!” ಕುದೇಲರು ಟೋಪಿ ತೆಗೆದು ಹಿಡಿದವರು ಮತ್ತೆ ಹಾಕಿಕೊಳ್ಳಲೇ ಇಲ್ಲ.

ಓತಿಲಿಯಾ ಪ್ಲಮ್ ಸಾರಾಯಿ ತಂದಿದ್ದಳು. ಎರಡು ಪುಟ್ಟ ಲೋಟ ತುಂಬಿಸಿದಳು. ಲೋಟ ತಾಗಿದವು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವರು, “ನಿಮ್ಮ ಉಪಕಾರ ದೊಡ್ಡದು,” ಎಂದುಬಿಟ್ಟರು. ಆ ‘ನಿಮ್ಮ’ ಕೇಳಿ ಅವಳು ಮಾತನ್ನು ಸಾರಾಯಿಯ ಜೊತೆಗೇ ನುಂಗಿದಳು.

ಚಳಿಗಾಲವಿಡೀ ಕಿಂಡಿಯಿಂದ ಕೆಮ್ಮು ಮಾತ್ರ ಬಂತು. ಖಾಲಿ ಪೆಟ್ಟಿಗೆಯ ದೀಪವನ್ನು ಅವರು ಆರಿಸಿರಲಿಲ್ಲ. ಸಾರು ಕೊಟ್ಟರೆ ಕುಡಿಯುತ್ತಿದ್ದರು, ಪಾತ್ರೆ ತೊಳೆದು ಕೊಡುತ್ತಿದ್ದರು, ಅಷ್ಟೆ. ಆದರೂ ಓತಿಲಿಯಾ ಸಂಜೆ ತೊಟ್ಟಿಯ ಅಂಚಿನಲ್ಲಿ ಕೂರುವುದನ್ನು ಬಿಡಲಿಲ್ಲ.

ಕುದೇಲರನ್ನು ಆಸ್ಪತ್ರೆಗೆ ಕರೆದೊಯ್ದ ಹಿಂದಿನ ಸಂಜೆಯೂ ಕೂತಿದ್ದಳು. ಅಲ್ಲಿಂದ ಅವರು ಮರಳಲಿಲ್ಲ. ಅದು ಆಗ ಗೊತ್ತಿರಲಿಲ್ಲ. ಮೇಲೆ ಮಣೆ ಎಳೆದ ಸದ್ದಾಯಿತು. ಕೆಮ್ಮಾಯಿತು.

“ಓತಿಲಿಯಾ.”

ಹಿಂದೆ ‘ಅವರೇ’ ಇಲ್ಲ, ಬರೀ ಹೆಸರು. ಅವಳ ಕೈಯ ಹೆಣಿಗೆ ನಿಂತಿತು.

“ನಾನು ಆಲೋಯಿಸ್,” ಅಂದಿತು ದನಿ, ಹೊಸಬರ ಹಾಗೆ. “ನಾನಾಗಿ ಹೇಳಬಾರದು. ಗೊತ್ತು.”

“ಕೇಳಿಸ್ತಿದೆ, ಆಲೋಯಿಸ್.”

“ಉಂಡ್ಯಾ?”

“ಇನ್ನೂ ಇಲ್ಲ,” ಎಂದಳು. “ನೀನು?”

ಮೇಲೆ ಮಣೆ ಕಿಂಡಿಯ ಹತ್ತಿರಕ್ಕೆ ಸರಿದ ಸದ್ದಾಯಿತು.

“ಸ್ವಲ್ಪ ಹೊತ್ತು ಏನಾದ್ರೂ ಮಾತಾಡ್ತಿರ್ತೀಯಾ? ಏನಾದ್ರೂ ಸರಿ. ಅವಳು ಯಾವತ್ತೂ ತಿರುಗಿ ಮಾತಾಡಲಿಲ್ಲ, ನೋಡು.”