ಹಳೇ ಕಂಪ್ಯೂಟರ್ ಬರೆದ ಕನ್ನಡ

ಟೇಪ್ ರೆಕಾರ್ಡರ್ ಕೀರಲು ದನಿಯಲ್ಲಿ ಕಿರುಚತೊಡಗಿತು. ಹೊಸ ಟಿವಿಯ ಪರದೆಯ ಅಂಚಿನಲ್ಲಿ ಹಳದಿ, ನೀಲಿ ಪಟ್ಟೆಗಳು ಓಡಿದವು. ಪೀಣ್ಯದ ಕಾರ್ಖಾನೆಯೊಂದರಿಂದ ನಿವೃತ್ತರಾದ ಪಕ್ಕದ ಮನೆಯ ಶಿವರಾಮಯ್ಯ ಕುರ್ಚಿ ಬಿಟ್ಟು ಎದ್ದು ನಿಂತರು.

ಕೀಬೋರ್ಡಿನೊಳಗೇ ಅಡಗಿದ್ದ ಅವರ ಹಳೇ ಕಂಪ್ಯೂಟರನ್ನು ಅವರ ಮನೆಯ ಆ ಟಿವಿಯ ಆಂಟೆನಾ ಕಿಂಡಿಗೆ ಸಿಕ್ಕಿಸಿ, ರಿಮೋಟಿನಲ್ಲಿ ಚಾನೆಲ್ ಹುಡುಕಿಕೊಟ್ಟವನು ನಾನು. ಇಂಗ್ಲಿಷ್ ಮಾತ್ರ ಬಲ್ಲ ಆ ಯಂತ್ರದಿಂದ, ಮದುವೆಯಾದ ಹೊಸತರಲ್ಲಿ, ಕಾರ್ಖಾನೆ ಕ್ಯಾಂಟೀನಿನ ಟಿವಿಯಲ್ಲಿ ತಾವು ಕನ್ನಡ ಬರೆಸಿದ್ದಾಗಿ ಶಿವರಾಮಯ್ಯ ಹೇಳುತ್ತಲೇ ಬಂದಿದ್ದರು. ಮನೆಯಲ್ಲಿ ಯಾರೂ ನಂಬಿರಲಿಲ್ಲ. ಆ ಕಾಲದಲ್ಲಿ ಪ್ರೋಗ್ರಾಂಗಳನ್ನು ಹೀಗೆ ಕಿರುಚುವ ಸದ್ದಾಗಿ ಕ್ಯಾಸೆಟ್ಟಿನಲ್ಲಿ ತುಂಬಿಡುತ್ತಿದ್ದರಂತೆ; ಅವರ ಪ್ರೋಗ್ರಾಂ ಉಳಿದಿದ್ದರೆ ಈಗ ಓಡುತ್ತಿದ್ದ ಈ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

“ಅದು ಬರೀ ಕಿರುಚ್ತಿತ್ತು. ಹಾಳಾಗಿದೆ ಅನ್ಕೊಂಡು ಮಧ್ಯದಲ್ಲೆಲ್ಲೋ ನನ್ನ ಭಜನೆ ರೆಕಾರ್ಡ್ ಮಾಡ್ಬಿಟ್ಟಿದ್ದೆ ಕಣ್ರೀ,” ಎಂದು ಪತ್ನಿ ಲಲಿತಮ್ಮ ಆಗ ಒಪ್ಪಿಕೊಂಡರು.

“ಈಗ ಹೇಳ್ತಿದ್ದೀಯಲ್ಲೇ!” ಎಂದರು ಶಿವರಾಮಯ್ಯ.

ಇನ್ನೂ ನಾಲ್ಕು ನಿಮಿಷ ಟೇಪ್ ಓಡಿತು. ಕಿರುಚಾಟ ನಿಂತಿತು. ಅದರ ಬೆನ್ನಿಗೇ ಟೇಪಿನಲ್ಲಿ ಲಲಿತಮ್ಮನ ಎಳೆಯ ದನಿಯ ಭಜನೆ ಶುರುವಾಯಿತು. ಅಷ್ಟರಲ್ಲಿ ಪ್ರೋಗ್ರಾಂ ಪೂರ್ತಿಯಾಗಿ ಕಂಪ್ಯೂಟರಿಗೆ ಇಳಿದಿತ್ತು. ಆ ದೊಡ್ಡ ಪರದೆಯ ಮೇಲೆ ಒಂದೊಂದೇ ಕಪ್ಪು ಚೌಕ ಬಿದ್ದು ‘ಲ’ ಆಯಿತು. ಇನ್ನೊಂದು ‘ಲ’ ಮೂಡಿ, ಅದಕ್ಕೆ ಗುಡಿಸು ಬಂತು. ಕೊನೆಗೆ ‘ತ’.

“ನನ್ ಹೆಸ್ರಾ?” ಎಂದಷ್ಟೇ ಕೇಳಿ ಲಲಿತಮ್ಮ ಟಿವಿಯ ಮುಂದೆ ನೆಲದ ಮೇಲೇ ಕುಳಿತುಬಿಟ್ಟರು.

ನಾನು ದಿನವೂ ಯೋಚಿಸದೆ ಫೋನಿನಲ್ಲಿ ಕನ್ನಡ ಒತ್ತುತ್ತೇನೆ. ಈಗ ನಡುನಡುವೆ ಬೆರಳು ತಡೆಯುತ್ತದೆ. ಈ ಅಕ್ಷರವನ್ನು ಮೊದಲ ಸಲ ಚುಕ್ಕೆ ಚುಕ್ಕೆಯಾಗಿ ಕೂಡಿಸಿದವರು ಯಾರಿರಬಹುದು, ಯಾರಿಗಾಗಿ?