ನಿನ್ನೆರಾಯರ ಏಳನೇ ಪುಸ್ತಕ

ಅವರಿಗೆ ನಿನ್ನೆರಾಯರು ಎಂಬ ಹೆಸರು ಬಿದ್ದದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ, ಪತ್ರಿಕೆಯ ಷೇರುಪೇಟೆ ಪುಟ ನೋಡಿಕೊಳ್ಳುತ್ತಿದ್ದಾಗ. ಒಂದು ಸಂಜೆ ಅವಸರದಲ್ಲಿ ಹೊಸ ತಾರೀಖಿನ ಕೆಳಗೆ ಹಿಂದಿನ ದಿನದ ದರಪಟ್ಟಿಯನ್ನೇ ಇನ್ನೊಮ್ಮೆ ಹಾಕಿಬಿಟ್ಟರು. ಬೆಳಗ್ಗೆ ಪತ್ರಿಕೆ ನೋಡಿದಾಗ ತಪ್ಪು ಕಣ್ಣಿಗೆ ಬಿತ್ತು. ಓದುಗರ ಬೈಗುಳಕ್ಕೆ ಹೆದರಿ ಫೋನಿನ ಪಕ್ಕ ಕೂತು ಕಾದರು, ಕಾದೇ ಕಾದರು. ಒಂದು ಕರೆ ಬರಬೇಕಲ್ಲ! ಸಂಪಾದಕರಿಗೂ ಗೊತ್ತಾಗಲಿಲ್ಲ. ಸಂಜೆ ಹೊತ್ತಿಗೆ ಭಯ ಹೋಗಿ ಅವಮಾನ ಶುರುವಾಯಿತು. ಹಾಗಾದರೆ ಇಷ್ಟು ದಿನ ತಾವು ಬರೆದದ್ದನ್ನು ಯಾವ ಪುಣ್ಯಾತ್ಮನೂ ಓದಿಯೇ ಇಲ್ಲವೇ?

ಮೂರನೇ ದಿನ ಒಂದು ಕಾರ್ಡು ಬಂತು. "ನಿನ್ನೇದನ್ನೇ ಮತ್ತೆ ಹಾಕಿದೀರಲ್ಲ, ನಿದ್ದೆ ಸಾಲ್ದಾ?" ಕೆಳಗೆ ಹೊಲಿಗೆ ಅಂಗಡಿಯೊಂದರ ವಿಳಾಸ. ಕಚೇರಿಯವರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ, ಹೊಟ್ಟೆ ಹಿಡಿದು ನಕ್ಕು, ಆ ಹೆಸರಿಟ್ಟರು. ಇವರು ಕ್ಷಮೆ ಕೇಳಲು ಹೊರಟರು.

ಒಂದೇ ಕೋಣೆಯ ಅಂಗಡಿ. ಬಾಗಿಲ ಬೆಳಕಿಗೆ ಕಾಲಿನಲ್ಲಿ ತುಳಿಯುವ ಯಂತ್ರ, ಗೋಡೆಯ ಮೊಳೆಗೆ ತೋಳಿನ, ಕಾಲರಿನ ಅಳತೆಗೆ ಕತ್ತರಿಸಿದ ಪತ್ರಿಕೆಯ ಹಾಳೆಗಳು. ಕಾರ್ಡು ಬರೆದ ಹೊಲಿಗೆ ಅಕ್ಕ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿದರು.

"ಅಪ್ಪ ಬಿಟ್ಟುಹೋದ ನಾಲ್ಕು ಷೇರಿವೆ, ಅದಕ್ಕೆ ದರ ನೋಡ್ತೀನಿ. ಪಟ್ಟಿ ಮೇಲೆ ನೀವು ಏನೇನೋ ಬರೀತೀರಲ್ಲ, ದೇವರಾಣೆ ಒಂದಕ್ಷರ ತಲೆಗೆ ಹೋಗಲ್ಲ."

"ಓದಿ ಹೇಳ್ಲಾ ಅಕ್ಕ?"

"ಓದಿ. ಕೈಗಂತೂ ಕೆಲಸ ಇದೆ, ಕಿವಿ ಖಾಲಿನೇ."

ಓದಿದರು. ಎರಡನೇ ವಾಕ್ಯಕ್ಕೇ ಅಕ್ಕನ ಕಾಲು ನಿಂತಿತು. ಅರ್ಥವಾಗದಿದ್ದರೆ ಅವರ ಕಾಲು ತಾನಾಗಿ ನಿಲ್ಲುತ್ತಿತ್ತು. ಅಂದಿನಿಂದ ಅದೇ ಪದ್ಧತಿ. ವಾರಕ್ಕೊಮ್ಮೆ ನಿನ್ನೆರಾಯರು ಸ್ಟೂಲಿನ ಮೇಲೆ ಕೂತು ಓದುವುದು, ಎಲ್ಲಿ ಕಾಲು ನಿಂತಿತೋ ಆ ವಾಕ್ಯ ಹೊಡೆದುಹಾಕುವುದು. ಮೂವತ್ತು ವರ್ಷದಲ್ಲಿ ಹೀಗೆ ಆರು ಪುಸ್ತಕ ಹೊರಬಂದವು. ಷೇರು ಎಂದರೆ ಜೂಜು ಎಂದು ಮೂಗು ಮುರಿಯುತ್ತಿದ್ದವರೂ ಕೊಂಡು ಓದಿದರು. ಪಂಡಿತರು ಮಾತ್ರ ಇದೇನು ಮಕ್ಕಳ ಪುಸ್ತಕವೇ ಎಂದರು. ಅವರಿಗೇನು, ಅವರು ಯಾವತ್ತು ಯಂತ್ರ ತುಳಿದಿದ್ದರು?

ನಿವೃತ್ತಿಯ ವರ್ಷ ಪ್ರಕಾಶಕರು ಮನೆಗೇ ಬಂದರು. "ಸಾರ್, 'ಕಣ್ಣು ಮುಚ್ಚಿ ಕೊಳ್ಳಬಹುದಾದ ಐದು ಕಂಪನಿಗಳು' ಅಂತ ಒಂದು ಪುಸ್ತಕ. ಮುಖಪುಟದ ತುಂಬ ನಿಮ್ಮದೇ ಫೋಟೊ!"

ಫೋಟೊ ಎಂದೊಡನೆ ನಮ್ಮ ರಾಯರು ಉಬ್ಬಿಹೋದರು. ಕಂಪನಿಯವರೇ ಕೊಟ್ಟ ಕರಪತ್ರಗಳನ್ನು ಮುಂದಿಟ್ಟುಕೊಂಡು ಒಂದೇ ತಿಂಗಳಲ್ಲಿ ಬರೆದು ಬಿಸಾಕಿದರು. ಒಂದು ಕಂಪನಿಯ ಲೆಕ್ಕವನ್ನೂ ತೆರೆದು ನೋಡದೆ, ನೋಡಿದ್ದೇನೆ ಎಂದು ಬರೆದರು. ಅಕ್ಕನಿಗೆ ಓದಿ ಹೇಳಲೂ ಇಲ್ಲ. ಪಾಪ, ಮಂಡಿನೋವು, ಯಾಕೆ ತೊಂದರೆ ಕೊಡುವುದು ಎಂದು ತಮಗೆ ತಾವೇ ಹೇಳಿಕೊಂಡರು. ಎಂಥ ಕಾಳಜಿ!

ಪುಸ್ತಕ ಬಂದು ಎರಡು ವಾರಕ್ಕೆ ಅಂಗಡಿಗೆ ಹೋದರೆ, ಯಂತ್ರದ ಮೇಲೆ ಅವರದೇ ಮುಖ ನಗುತ್ತಿತ್ತು.

"ಕಳ್ಳ ನೀವು, ನನಗೆ ಹೇಳ್ದೇನೇ ಬರೆದಿದೀರಿ!" ಅಕ್ಕ ಖುಷಿಯಲ್ಲಿದ್ದರು. "ಈ ಕೋಣೆ ಮಾರ್ತಾರಂತೆ. ಕೊಳ್ಳೋಣ ಅಂತ ಜೀವಮಾನವೆಲ್ಲ ಕೂಡಿಟ್ಟಿದ್ದೆ. ಇನ್ನು ಕೋಣೆ ಯಾಕೆ? ಅಷ್ಟನ್ನೂ ನಾಳೆ ನಿಮ್ಮ ಐದು ಕಂಪನಿಗೆ ಹಾಕ್ತೀನಿ."

ರಾಯರಿಗೆ ನೇರವಾಗಿ ಹೇಳಲು ನಾಲಿಗೆ ಏಳಲಿಲ್ಲ. "ಅಕ್ಕ, ಸ್ವಲ್ಪ ತುಳೀರಿ, ಓದ್ತೀನಿ," ಎಂದರು. ಎಲ್ಲಾದರೂ ಕಾಲು ನಿಲ್ಲಲಿ, ನಿಂತ ಕಡೆ ತಪ್ಪೊಪ್ಪಿಕೊಂಡರಾಯಿತು ಎಂಬ ಆಸೆ. ಒಂದು ಪುಟ ಮುಗಿಯಿತು, ಎರಡಾಯಿತು. ಕಾಲು ನಿಲ್ಲುವುದಿರಲಿ, ತಡವರಿಸಲೂ ಇಲ್ಲ. ಅಷ್ಟು ತಿಳಿಯಾಗಿ ಬರೆಯಲು ಅವರಿಗೆ ಕಲಿಸಿದ್ದೇ ಆ ಕಾಲಲ್ಲವೇ! ಕೊನೆಗೆ ರಾಯರೇ ಕೈ ಚಾಚಿ ತಿರುಗುವ ಚಕ್ರವನ್ನು ಹಿಡಿದರು.

"ಅರ್ಥ ಆಗುತ್ತೆ ಅಕ್ಕ. ನಿಜ ಅಲ್ಲ."

ಅಕ್ಕ ಅವರ ಕೈಯಿಂದ ಪುಸ್ತಕ ತೆಗೆದು, ಆ ನಗುವ ಮುಖ ಕೆಳಗಾಗುವಂತೆ ಇಟ್ಟರು. ರಾಯರಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

"ನನ್ನ ಚಕ್ರ ನೀವು ಹಿಡಿದ್ರಿ," ಎಂದರು ಅಕ್ಕ. "ಈ ಪುಸ್ತಕ ಕೊಂಡ ಮಿಕ್ಕೋರ ಚಕ್ರ ಯಾರು ಹಿಡೀತಾರೆ?"

ರಾಯರು ಅಲ್ಲೇ ಸ್ಟೂಲಿನ ಮೇಲೆ, ಪತ್ರಿಕೆಗೆ ಇನ್ನೂ ಬರೆಯುತ್ತಿದ್ದ ವಾರದ ಅಂಕಣಕ್ಕೆ ಬರೆದು, ಅಕ್ಕ ಮತ್ತೆ ತುಳಿಯತೊಡಗಿದ ಮೇಲೆ ಓದಿದರು. "ನನ್ನ ಇತ್ತೀಚಿನ ಕೃತಿಯ ಕೆಲವು ಅಂಶಗಳು ಮರುಪರಿಶೀಲನೆಗೆ ಅರ್ಹವಾಗಿವೆ."

ಕಾಲು ನಿಂತಿತು.

ಹೊಡೆದುಹಾಕಿ ಮತ್ತೆ ಬರೆದರು. "ಆ ಐದು ಕಂಪನಿಗಳ ಲೆಕ್ಕ ನಾನು ನೋಡಿಲ್ಲ. ನೋಡಿದೆ ಎಂದು ಬರೆದದ್ದು ಸುಳ್ಳು. ಹಣ ಹಾಕಬೇಡಿ."

ಯಂತ್ರ ಓಡಿತು.

ಅಂಕಣ ಅಚ್ಚಾದ ದಿನ ಬೆಳಗ್ಗೆಯಿಂದಲೇ ಮನೆಯ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ರಾಯರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಪ್ರತಿ ಕರೆಯನ್ನೂ ತಾವೇ ಎತ್ತಿದರು.